ಜಹಾಜ್ ದಾದಿ

ನಮ್ಮ ದಾದಿ ಹಜ್ಜ್‌ಗೆ ಹೋದದ್ದು 1988ರಲ್ಲಿ. ಆಗ ನನಗೆ ಒಂಬತ್ತು ವರ್ಷ. ಅವರನ್ನು ಬೀಳ್ಕೊಡಲು ಆಳಂದದ ನಮ್ಮ ಓಣಿಗೆ ಓಣಿಯೇ ಬಸ್ ನಿಲ್ದಾಣಕ್ಕೆ ಬಂದಿತ್ತು. ಗುಲ್ಬರ್ಗಾದವರೆಗೆ ಬಸ್ಸು, ಅಲ್ಲಿಂದ ಬೊಂಬಾಯಿಗೆ ರೈಲು, ಬೊಂಬಾಯಿಯಿಂದ ಜಿದ್ದಾಕ್ಕೆ ಹಡಗು. ಜೊತೆಗೆ ನಮ್ಮ ಬಡೇ ಅಬ್ಬಾ ಇದ್ದರು. ಒಂದು ಚೀಲದ ತುಂಬ ಜೋಳದ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಮಾವಿನ ಉಪ್ಪಿನಕಾಯಿ. ಬೊಂಬಾಯಿಯಲ್ಲಿ ಹಡಗು ಹೊರಡುವ ದಿನದವರೆಗೆ ಸಾಬೂ ಸಿದ್ದೀಕ್ ಮುಸಾಫಿರ್‌ಖಾನಾದಲ್ಲಿ ಉಳಿದಿದ್ದರಂತೆ.

ಆ ಕಾಲದಲ್ಲಿ ವಿಮಾನದಲ್ಲಿ ಹೋಗುವವರೂ ಇದ್ದರು. ಆದರೆ ನಮ್ಮಂಥ ಸಾಧಾರಣ ಕುಟುಂಬಗಳಿಗೆ ಹಡಗೇ ಗತಿ. ಹಿಂದೆ ಹಾಜಿಗಳನ್ನು ಒಯ್ಯುತ್ತಿದ್ದ ಮೊಘಲ್ ಲೈನ್ ಕಂಪೆನಿ 1986ರಲ್ಲಿ ಭಾರತೀಯ ನೌಕಾಯಾನ ನಿಗಮದಲ್ಲಿ ವಿಲೀನವಾಗಿತ್ತು. ಆದರೂ ನಮ್ಮ ಹಿರಿಯರ ಬಾಯಲ್ಲಿ ಅದು 'ಮೊಘಲ್ ಲೈನ್ ಜಹಾಜ್' ಎಂದೇ ಇತ್ತು. 1995ರ ನಂತರ ಮುಂಬೈಯಿಂದ ಹಾಜಿಗಳ ಹಡಗು ನಿಂತುಹೋಯಿತು. ಇಂದಿನ ಮಕ್ಕಳಿಗೆ ಹಜ್ಜ್ ಎಂದರೆ ವಿಮಾನ ಮಾತ್ರ.

ಆ ವರ್ಷ ಹಜ್ಜ್ ಬಂದದ್ದು ಜುಲೈ ತಿಂಗಳಲ್ಲಿ. ಆದ್ದರಿಂದ ದಾದಿ ಮರಳಿದ್ದು ಮಳೆಗಾಲದ ಅರಬ್ಬೀ ಸಮುದ್ರದ ಮೇಲೆ. ವಾರಕ್ಕೂ ಹೆಚ್ಚು ದಿನ ಹಡಗು ತೊಟ್ಟಿಲಿನಂತೆ ತೂಗಿತಂತೆ. ಝಮ್‌ಝಮ್ ನೀರಿನ ಡಬ್ಬಿ, ಖರ್ಜೂರ, ತಸ್ಬೀಹ್‌ಗಳೊಂದಿಗೆ ಅವರು ಮನೆಗೆ ಬಂದಾಗ ಅಂಗಳದ ತುಂಬ ಜನ. ದಾದಿ ಎಲ್ಲರಿಗೂ ಸಲಾಂ ಹೇಳಿ, ಗೋಡೆಗೆ ಕೈಕೊಟ್ಟು ಮೆಲ್ಲಗೆ ಕುಳಿತುಕೊಂಡರು.

"ಜಹಾಜು ಇನ್ನೂ ನನ್ನ ಕಾಲಾಗೇ ಅದ ಬೇಟಿ. ನೆಲ ತೂಗ್ತದ," ಎಂದರು.

ಎಲ್ಲರೂ ನಕ್ಕರು. ದಾದಿಯೂ ನಕ್ಕರು. ಬಡೇ ಅಬ್ಬಾ ತಮಗೂ ಹಾಗೇ ಅನ್ನಿಸುತ್ತದೆ ಎಂದರು. ಎರಡು ದಿನಕ್ಕೆ ಅವರು ಸರಿಹೋದರು. ದಾದಿ ಸರಿಹೋಗಲಿಲ್ಲ.

ಹದಿನೈದು ದಿನವಾದರೂ ಅದೇ ಮಾತು. ತಿಂಗಳಾದರೂ ಅದೇ ಮಾತು. ತಲೆ ತಿರುಗುತ್ತದೆಯೇ ಎಂದು ಕೇಳಿದರೆ ಇಲ್ಲ ಎನ್ನುವರು. ವಾಂತಿ ಇಲ್ಲ, ಜ್ವರ ಇಲ್ಲ, ಊಟ ಸರಿಯಾಗಿದೆ. ಆದರೆ ನಿಂತರೂ ಕುಳಿತರೂ ಮಲಗಿದರೂ ಯಾರೋ ತೂಗುತ್ತಿದ್ದಾರೆ. ಇನ್ನೂ ವಿಚಿತ್ರವೆಂದರೆ, ಹೊಲಕ್ಕೆ ಹೋಗುವ ಎತ್ತಿನ ಬಂಡಿಯಲ್ಲಿ ಕುಳಿತರೆ ಅವರು ಆರಾಮವಾಗಿ ಇರುತ್ತಿದ್ದರು. "ಬಂಡಿ ಕಟ್ಟೋ, ಹೊಲಕ್ಕ ಹೋಗಿ ಬರೋಣ" ಎಂದು ಬಡೇ ಅಬ್ಬಾರಿಗೆ ದಿನವೂ ದುಂಬಾಲು ಬೀಳುವರು. ಹಜ್ಜಾನಿಗೆ ತಿರುಗಾಟದ ರುಚಿ ಹತ್ತಿದೆ ಎಂದು ನೆರೆಯವರು ಆಡಿಕೊಂಡರು. "ಕೆಲಸ ತಪ್ಪಿಸಿಕೊಳ್ಳಲು ಸೋಗು" ಎಂದು ಬಡೀ ಅಮ್ಮಿ ಅಡುಗೆಮನೆಯಲ್ಲಿ ನಮ್ಮ ಅಮ್ಮಿಯೊಡನೆ ಹೇಳಿದ್ದನ್ನು ನಾನು ಕೇಳಿದ್ದೇನೆ. ಮಕ್ಕಳಾದ ನಾವು ಕಾಲು ಅಗಲಿಸಿ, ಎರಡೂ ಕೈ ಚಾಚಿ, ಅವರಂತೆ ನಡೆದು ತೋರಿಸುತ್ತಿದ್ದೆವು. ಅವರಿಗೆ 'ಜಹಾಜ್ ದಾದಿ' ಎಂದು ಹೆಸರಿಟ್ಟವಳು ನಾನೇ.

ಕೆಲವು ತಿಂಗಳ ನಂತರ ದಾದಿ ಆ ಮಾತು ಆಡುವುದನ್ನು ಬಿಟ್ಟರು. ವಾಸಿಯಾಯಿತು ಎಂದುಕೊಂಡೆವು. ಯಾರೂ ಕೇಳಲಿಲ್ಲ.

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿಯ ಭೂಕಂಪವಾಯಿತು. ಗಡಿಯಾಚೆಯ ಲಾತೂರು, ಉಸ್ಮಾನಾಬಾದ್ ಜಿಲ್ಲೆಗಳಲ್ಲಿ ಸಾವಿರಾರು ಜನ ಮಣ್ಣುಪಾಲಾದರು. ಆಳಂದದಲ್ಲೂ ಪಾತ್ರೆಗಳು ಉರುಳಿದವು, ನಾವೆಲ್ಲ ಕಿರುಚುತ್ತ ಹೊರಗೆ ಓಡಿದೆವು. ಕತ್ತಲಲ್ಲಿ ಓಣಿಯಲ್ಲಿ ನಿಂತು ಎಲ್ಲರೂ ಕಲಿಮಾ ಹೇಳುತ್ತಿದ್ದಾಗ ದಾದಿ ನನ್ನ ಕೈ ಹಿಡಿದು ಕೇಳಿದರು: "ಈಗ ನಿಮಗೂ ತೂಗಿತೇನು?"

ಹೆದರಿಕೆಯಲ್ಲಿ ನಾನು ಆ ಮಾತಿಗೆ ಲಕ್ಷ್ಯ ಕೊಡಲಿಲ್ಲ. ಮರುವರ್ಷ ದಾದಿ ತೀರಿಕೊಂಡರು. ಅಲ್ಲಾಹನು ಅವರ ಮೇಲೆ ಕರುಣೆ ತೋರಲಿ.

ಇಷ್ಟೆಲ್ಲ ಹೇಳಲು ಕಾರಣವಿದೆ.

ನಾನು ಮದ್ರಸಾದಲ್ಲಿ ಓದು ಮುಗಿಸಿ, ಮದುವೆಯಾಗಿ ಅಫಜಲಪುರಕ್ಕೆ ಬಂದೆ. ಮಕ್ಕಳಾದ ಮೇಲೆ ಮನೆಯಲ್ಲೇ ಓದಿ ಬಿ.ಎ. ಮಾಡಿದೆ. ಈಗ ಇಲ್ಲಿನ ಶಾಲೆಯೊಂದರಲ್ಲಿ ಶಿಕ್ಷಕಿ. 2023ರ ಡಿಸೆಂಬರಿನಲ್ಲಿ ಮುಂಬೈಯಲ್ಲಿ ನೌಕರಿಯಲ್ಲಿರುವ ನನ್ನ ಅಣ್ಣನ ಮಗ ನಮ್ಮನ್ನೆಲ್ಲ ಒಂದು ಪ್ರವಾಸಿ ಹಡಗಿನಲ್ಲಿ ಕರೆದೊಯ್ದ. ಮುಂಬೈಯಿಂದ ಹೊರಟು ಲಕ್ಷದ್ವೀಪ ನೋಡಿಕೊಂಡು ಮರಳುವ ಐದು ರಾತ್ರಿಗಳ ಯಾನ. ಅಫಜಲಪುರದಲ್ಲಿ ಭೀಮಾ ನದಿಯನ್ನೇ ದೊಡ್ಡ ನೀರು ಎಂದುಕೊಂಡಿದ್ದ ನನಗೆ ಆ ಸಮುದ್ರ ಕಂಡು ಮಾತೇ ಹೊರಡಲಿಲ್ಲ. ಹಡಗಿನಲ್ಲಿ ಹಾಡು, ಕುಣಿತ ಎಲ್ಲ ಇತ್ತು. ನಾವು ಆ ಕಡೆ ಹೋಗದೆ, ಮೇಲಂತಸ್ತಿನಲ್ಲಿ ಕುಳಿತು ನೀರು ನೋಡುತ್ತಿದ್ದೆವು. ನನ್ನ ತಂಗಿಗೆ ಒಂದು ದಿನ ವಾಂತಿಯಾಯಿತು. ನನಗೆ ಏನೂ ಆಗಲಿಲ್ಲ.

ಮುಂಬೈಯಲ್ಲಿ ಇಳಿದ ಕೂಡಲೇ ಎಲ್ಲರಿಗೂ ನೆಲ ತುಸು ತೂಗಿದಂತಾಯಿತು. ಹಡಗಿನಿಂದ ಇಳಿದವರಿಗೆ ಹೀಗಾಗುವುದು ಸಹಜ, ಒಂದೆರಡು ದಿನದಲ್ಲಿ ಹೋಗುತ್ತದೆ ಎಂದು ಅಣ್ಣನ ಮಗ ಹೇಳಿದ. ಅದರಂತೆ ಎಲ್ಲರದೂ ಹೋಯಿತು. ನನ್ನದು ಹೋಗಲಿಲ್ಲ.

ಅದು ತಲೆಸುತ್ತಲ್ಲ. ತಲೆಸುತ್ತು ಬಂದರೆ ಮನೆ ಗಿರಗಿರನೆ ತಿರುಗುತ್ತದೆ. ಇಲ್ಲಿ ಏನೂ ತಿರುಗುವುದಿಲ್ಲ. ಹತ್ತಿಯ ಗಾದಿಯ ಮೇಲೆ ನಡೆದಂತೆ ಕಾಲು ಒಳಗೆ ಇಳಿಯುತ್ತದೆ. ನಿಂತರೆ ಹಿಂದೆ ಮುಂದೆ ತೂಗುತ್ತದೆ. ಮಲಗಿದರೆ ಮಂಚ ನೀರಿನ ಮೇಲಿದ್ದಂತೆ. ಒಲೆಯ ಮುಂದೆ ನಿಂತು ರೊಟ್ಟಿ ಬಡಿಯಲು ಆಗುತ್ತಿರಲಿಲ್ಲ. ಕರಿಹಲಗೆಯ ಮೇಲೆ ಬರೆದ ಸಾಲು ಓರೆಯಾಗುತ್ತಿತ್ತು. ಒಂದು ದಿನ ಶಾಲೆಯ ಆಯಾ ನನ್ನನ್ನು ನೋಡಿ, "ಅಕ್ಕೋರೇ, ಯಾಕ್ರೀ ಗ್ವಾಡಿ ಹಿಡಕೊಂಡು ನಿಂತೀರಿ? ತಲಿ ತಿರಗ್ಲತ್ತದೇನ್ರಿ?" ಎಂದು ಕೇಳಿದಳು. ಏನು ಹೇಳಬೇಕೆಂದು ತಿಳಿಯಲಿಲ್ಲ. ಹೌದೆಂದುಬಿಟ್ಟೆ.

ಊರಿನ ವೈದ್ಯರು ಬಿ.ಪಿ., ಶುಗರ್ ನೋಡಿ, ಪ್ರಯಾಣದ ವಾಂತಿಗೆ ಕೊಡುವ ಮಾತ್ರೆ ಕೊಟ್ಟರು. ನಿದ್ದೆ ಬಂತು, ತೂಗುವುದು ನಿಲ್ಲಲಿಲ್ಲ. ಕಲಬುರಗಿಯಲ್ಲಿ ಕಿವಿಯ ಪರೀಕ್ಷೆ ಆಯಿತು, ತಲೆಯ ಸ್ಕ್ಯಾನ್ ಆಯಿತು. ಎಲ್ಲವೂ ಸರಿಯಾಗಿದೆ ಎಂದರು. ಆ ಕಾಗದ ಕೈಗೆ ಬಂದಾಗ ಮನೆಯವರೆಲ್ಲ ಶುಕ್ರ್ ಎಂದರು. ನನಗೆ ಮಾತ್ರ ಅಳು ಬಂತು. ಏನೂ ಇಲ್ಲ ಎಂದಾದರೆ ಇದೇನು?

ಆ ವರ್ಷ ರಂಝಾನ್ ಮಾರ್ಚ್ ತಿಂಗಳಲ್ಲಿ ಬಂತು. ತರಾವೀಹ್‌ನಲ್ಲಿ ನಿಂತರೆ ಪಕ್ಕದವರ ಮೇಲೆ ಬೀಳುತ್ತೇನೆಂಬ ಭಯ. ಸಜ್ದಾಕ್ಕೆ ಹೋದರೆ ಚಾಪೆಯೇ ಜಾರಿದಂತೆ. ಮದ್ರಸಾದಲ್ಲಿ ಓದುವಾಗ ಫಿಕ್ಹ್‌ನಲ್ಲಿ ಹಡಗಿನ ನಮಾಝಿನ ಕುರಿತು ಒಂದು ಪಾಠವಿತ್ತು. ಚಲಿಸುವ ಹಡಗಿನಲ್ಲಿ ಕುಳಿತು ನಮಾಝ್ ಮಾಡಬಹುದು ಎಂದು ಇಮಾಮ್ ಅಬೂ ಹನೀಫಾ ಅವರ ಅಭಿಪ್ರಾಯ. ತಲೆಸುತ್ತಿನಂಥ ಕಾರಣವಿದ್ದರೆ ಮಾತ್ರ ಎಂದು ಅವರ ಇಬ್ಬರು ಶಿಷ್ಯರ ಅಭಿಪ್ರಾಯ. ಸಮುದ್ರವೇ ಇಲ್ಲದ ನಮ್ಮ ಸೀಮೆಯ ಹುಡುಗಿಯರಿಗೆ ಈ ಪಾಠ ಯಾಕೆ ಎಂದು ಆಗ ನಾವು ಗೊಣಗಿದ್ದೆವು. ಈಗ ಅಫಜಲಪುರದ ನೆಲದ ಮೇಲೆ ಹಡಗಿನವಳಾಗಿ, ಕುಳಿತು ನಮಾಝ್ ಮಾಡಿದೆ.

ಕುಳಿತು ನಮಾಝ್ ಮಾಡಿದ್ದನ್ನು ಕಂಡ ಮೇಲೆ ಮಾತು ಬೆಳೆಯಿತು. ಸಮುದ್ರದಲ್ಲಿ ಏನೋ ಹಿಂಬಾಲಿಸಿ ಬಂದಿದೆ ಎಂದು ಒಬ್ಬರು. ನಝರ್ ತಗಲಿದೆ ಎಂದು ಇನ್ನೊಬ್ಬರು. ಒಬ್ಬ ಆಮಿಲ್ ಸಾಹೇಬರಿಗೆ ಹಣವೂ ಹೋಯಿತು. ನನ್ನನ್ನು ಹೆಚ್ಚು ಚುಚ್ಚಿದ್ದು ಬೇರೆ ಮಾತು. ಹಾಡು ಕುಣಿತವಿರುವ ಹಡಗಿಗೆ ದೀನ್ ಕಲಿತ ಹೆಂಗಸು ಹೋಗಿದ್ದಕ್ಕೆ ಇದು ಶಿಕ್ಷೆ ಎಂದು ಹತ್ತಿರದವರೊಬ್ಬರು ಹೇಳಿದರು. ನಾನು ಮೇಲಕ್ಕೆ ವಾದಿಸಿದೆ. ರಾತ್ರಿ ಮಲಗಿದಾಗ ಅದೇ ನಿಜವಿರಬಹುದು ಎಂದು ಅನೇಕ ಸಲ ತೌಬಾ ಮಾಡಿದ್ದೇನೆ.

ಒಂದೇ ಒಂದು ಕಡೆ ನನಗೆ ನೆಮ್ಮದಿ ಸಿಗುತ್ತಿತ್ತು. ಬಸ್ಸಿನಲ್ಲಿ.

ನನ್ನ ತಂಗಿಯನ್ನು ಜೇವರ್ಗಿಗೆ ಕೊಟ್ಟಿದೆ. ಒಮ್ಮೆ ಅವಳ ಮನೆಗೆ ಹೊರಟೆ. ಬಸ್ಸು ಅಫಜಲಪುರ ದಾಟಿ ಗುಂಡಿಗಳಲ್ಲಿ ಕುಲುಕತೊಡಗಿದ ಕೂಡಲೇ ನನ್ನೊಳಗಿನ ತೂಗಾಟ ನಿಂತಿತು. ಎರಡು ತಿಂಗಳ ನಂತರ ಮೊದಲ ಬಾರಿ ನಾನು ನಾನಾಗಿದ್ದೆ. ಕಲಬುರಗಿಯಲ್ಲಿ ಬಸ್ಸು ಬದಲಿಸಿ, ಭೀಮಾ ಸೇತುವೆ ದಾಟಿ, ಜೇವರ್ಗಿ ಮುಟ್ಟುವವರೆಗೂ ಆರಾಮ. ಇಳಿದು ತಂಗಿಯ ಮನೆಯ ಹೊಸ್ತಿಲು ದಾಟುವಷ್ಟರಲ್ಲಿ ಮತ್ತೆ ತೂಗತೊಡಗಿತು, ಮೊದಲಿಗಿಂತ ಜೋರಾಗಿ.

ಅಂದಿನಿಂದ ಏನಾದರೂ ನೆಪ ಹೇಳಿ ಭಾನುವಾರಗಳಂದು ಜೇವರ್ಗಿಗೆ ಹೊರಡುವುದು ರೂಢಿಯಾಯಿತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾಗಿತ್ತು. "ಬಸ್ಸು ಪುಕ್ಕಟೆ ಆದ ಮೇಲೆ ಭಾಭಿಯ ತಲೆಸುತ್ತು ಹೆಚ್ಚಾಗಿದೆ" ಎಂದು ನಾದಿನಿ ನಗೆಯಾಡಿದಳು. ಯಜಮಾನರು ನಗಲಿಲ್ಲ. ಒಂದು ರಾತ್ರಿ ಮೆಲ್ಲಗೆ ಕೇಳಿದರು: "ಬಸ್ಸಿನಲ್ಲಿ ಚೆನ್ನಾಗಿರುತ್ತೀ, ತಂಗಿಯ ಮನೆಗೆ ಹೋಗಲು ಆಗುತ್ತದೆ. ನಮ್ಮ ಮನೆಯಲ್ಲಿ ನಿಲ್ಲಲು ಮಾತ್ರ ಆಗುವುದಿಲ್ಲ. ನಿನಗೆ ಇಲ್ಲಿ ಏನು ತೊಂದರೆ?"

ಇಪ್ಪತ್ತು ವರ್ಷಕ್ಕೂ ಹೆಚ್ಚು ಬಾಳು ಮಾಡಿದ ಮನುಷ್ಯ ಹೀಗೆ ಕೇಳಿದಾಗ ಉತ್ತರವಿರಲಿಲ್ಲ. ನಾನು ಹೇಳಿದರೆ ನನಗೇ ಸುಳ್ಳೆನಿಸುತ್ತಿತ್ತು. ಆ ದಿನದಿಂದ ನಾನೂ ಹೇಳುವುದನ್ನು ಬಿಟ್ಟೆ.

ಜೂನ್‌ನಲ್ಲಿ, ಬಕ್ರೀದ್ ಕಳೆದ ಮೇಲೆ, ತಂಗಿಯೇ ಹಟ ಹಿಡಿದು ಹೈದರಾಬಾದಿನ ಒಬ್ಬ ನರರೋಗ ತಜ್ಞರ ಬಳಿ ಕರೆದೊಯ್ದಳು. ಯಜಮಾನರೂ ಬಂದರು. ವೈದ್ಯರು ಹಳೆಯ ಕಾಗದಗಳನ್ನೆಲ್ಲ ನೋಡಿ ಪಕ್ಕಕ್ಕಿಟ್ಟರು. ಇದು ಶುರುವಾಗುವ ಮುಂಚೆ ಎಲ್ಲಿಗಾದರೂ ಪ್ರಯಾಣ ಮಾಡಿದ್ದಿರಾ ಎಂದು ಕೇಳಿದರು. ಹಡಗಿನ ವಿಷಯ ಹೇಳಿದೆ. ಆಮೇಲೆ ಅವರು ಕೇಳಿದ ಪ್ರಶ್ನೆಯನ್ನು ನಾನು ಮರೆಯಲಾರೆ.

"ಬಸ್ಸಿನಲ್ಲೋ ಕಾರಿನಲ್ಲೋ ಕುಳಿತಾಗ ಇದು ಕಡಿಮೆಯಾಗುತ್ತದೆಯೇ?"

ನಾನು ಅಲ್ಲೇ ಅತ್ತುಬಿಟ್ಟೆ. ಯಜಮಾನರು ನನ್ನ ಮುಖವನ್ನೊಮ್ಮೆ, ವೈದ್ಯರ ಮುಖವನ್ನೊಮ್ಮೆ ನೋಡಿದರು.

ಈ ಬೇನೆಗೆ ಒಂದು ಫ್ರೆಂಚ್ ಹೆಸರಿದೆ: ಮಾಲ್ ದ ದೆಬಾರ್ಕ್‌ಮಾಂ. ಹಡಗಿನಿಂದ ಇಳಿದದ್ದರ ಬೇನೆ ಎಂದು ಅರ್ಥ. ಹೆಚ್ಚಿನವರಿಗೆ ಇದು ಕೆಲವು ಗಂಟೆ, ಹೆಚ್ಚೆಂದರೆ ಎರಡು ದಿನ ಇದ್ದು ಹೋಗುತ್ತದೆ. ಕೆಲವರಿಗೆ ಮಾತ್ರ ತಿಂಗಳು, ವರ್ಷಗಳವರೆಗೆ ಉಳಿಯುತ್ತದೆ. ಅಂಥವರಲ್ಲಿ ನಲವತ್ತು, ಐವತ್ತರ ವಯಸ್ಸಿನ ಹೆಂಗಸರೇ ಹೆಚ್ಚು. ಹಡಗಿನ ಯಾನದ ಬಳಿಕ ಉಳಿಯುವ ಈ ತೂಗಾಟದ ಬಗ್ಗೆ ಚಾರ್ಲ್ಸ್ ಡಾರ್ವಿನ್‌ರ ಅಜ್ಜ ಇರಾಸ್ಮಸ್ ಡಾರ್ವಿನ್ 1796ರಲ್ಲೇ ಬರೆದಿದ್ದರು. ಆದರೂ ವೈದ್ಯರು ಇದನ್ನು ಬಿಡದೆ ಕಾಡುವ ಒಂದು ರೋಗವೆಂದು ವಿವರಿಸಿದ್ದು 1987ರಲ್ಲಿ, ನಮ್ಮ ದಾದಿ ಹಡಗು ಹತ್ತುವ ಒಂದೇ ವರ್ಷ ಮುಂಚೆ. ಇದನ್ನು ಗುರುತಿಸುವ ನಿಯಮಗಳನ್ನು ಬಾರಾನಿ ಸೊಸೈಟಿ ಎಂಬ ಅಂತಾರಾಷ್ಟ್ರೀಯ ತಜ್ಞರ ಸಂಸ್ಥೆ 2020ರಲ್ಲಿ ಪ್ರಕಟಿಸಿತು. ಯಾನ ಮುಗಿದ ಎರಡು ದಿನದೊಳಗೆ ತೂಗಾಟ ಶುರುವಾಗಿರಬೇಕು, ದಿನದ ಹೆಚ್ಚು ಹೊತ್ತು ಇರಬೇಕು, ಎರಡು ದಿನಕ್ಕಿಂತ ಹೆಚ್ಚು ಉಳಿದಿರಬೇಕು, ವಾಹನದಲ್ಲಿ ಕುಳಿತಾಗ ತಾತ್ಕಾಲಿಕವಾಗಿ ತಗ್ಗಬೇಕು, ಬೇರೆ ಯಾವ ರೋಗದಿಂದಲೂ ಅದನ್ನು ವಿವರಿಸಲು ಆಗಬಾರದು. ಮನೆಯವರಿಗೆ ಸೋಗೆಂದು ಕಂಡ ನನ್ನ ಬಸ್ಸಿನ ನೆಮ್ಮದಿಯೇ ಈ ರೋಗದ ಗುರುತು.

ವೈದ್ಯರು ನಮಗೆ ಅರ್ಥವಾಗುವಂತೆ ವಿವರಿಸಿದರು. ನಮ್ಮ ಒಳಗಿವಿಯಲ್ಲಿ ಮೂರು ಅರೆವೃತ್ತದ ನಾಳಗಳಿವೆ. ಅವು ತಲೆ ತಿರುಗಿದ್ದನ್ನು ತಿಳಿಸುತ್ತವೆ. ಸಣ್ಣ ಸುಣ್ಣದ ಹರಳುಗಳಿರುವ ಇನ್ನೆರಡು ಅಂಗಗಳು ವಾಲಿದ್ದನ್ನು, ಮುಂದೆ ಸಾಗಿದ್ದನ್ನು ತಿಳಿಸುತ್ತವೆ. ಕಣ್ಣು ಮತ್ತು ಪಾದಗಳ ಸುದ್ದಿಯೊಂದಿಗೆ ಇವನ್ನೆಲ್ಲ ಕೂಡಿಸಿ ಮೆದುಳು ನಮ್ಮನ್ನು ನೆಟ್ಟಗೆ ನಿಲ್ಲಿಸುತ್ತದೆ. ಹಡಗಿನಲ್ಲಿ ಮೆದುಳು ಅಲೆಯ ತಾಳವನ್ನು ಕಲಿತುಕೊಳ್ಳುತ್ತದೆ. ನೆಲಕ್ಕಿಳಿದ ಮೇಲೆ ಅದನ್ನು ಮರೆಯಬೇಕು. ಕೆಲವರ ಮೆದುಳು ಮರೆಯುವುದಿಲ್ಲ ಎಂಬುದು ತಜ್ಞರ ಅಭಿಪ್ರಾಯ. ಕಿವಿ ಹಾಳಾಗಿರುವುದಿಲ್ಲ, ಮೆದುಳಿನಲ್ಲಿ ಗಂಟಿರುವುದಿಲ್ಲ. ಆದ್ದರಿಂದಲೇ ಸ್ಕ್ಯಾನ್‌ನಲ್ಲಿ ಏನೂ ಕಾಣುವುದಿಲ್ಲ. ಪ್ರಯಾಣದ ವಾಂತಿ ಮಾತ್ರೆಗಳೂ ಇದಕ್ಕೆ ನಾಟುವುದಿಲ್ಲ.

ನನಗೆ ಕೆಲವು ವಾರಗಳ ಮಟ್ಟಿಗೆ ಕಡಿಮೆ ಪ್ರಮಾಣದ ಮಾತ್ರೆ ಕೊಟ್ಟರು. ಅದು ಅಭ್ಯಾಸವಾಗಿಬಿಡುವ ಜಾತಿಯದು, ತಮ್ಮನ್ನು ಕೇಳದೆ ಮುಂದುವರಿಸಬಾರದು ಎಂದು ಎಚ್ಚರಿಸಿದರು. ರಾತ್ರಿ ಸರಿಯಾದ ನಿದ್ದೆ, ಬೆಳಿಗ್ಗೆ ನಡಿಗೆ, ಮೊಬೈಲ್ ಪರದೆಯಿಂದ ದೂರ. ಆರಾಮ ಸಿಗುತ್ತದೆಂದು ಬಸ್ಸು ಹತ್ತುತ್ತ ಹೋಗಬೇಡಿ ಎಂದೂ ಹೇಳಿದರು. ನ್ಯೂಯಾರ್ಕ್‌ನ ಮೌಂಟ್ ಸಿನಾಯ್‌ನಲ್ಲಿ ಡಾ. ಮಿಂಗ್‌ಜಿಯಾ ದಾಯ್ ಮತ್ತು ಸಂಗಡಿಗರು ಬೇರೊಂದು ಚಿಕಿತ್ಸೆ ಕಂಡುಕೊಂಡಿದ್ದಾರೆ. ಸುತ್ತಲೂ ಚಲಿಸುವ ಪಟ್ಟೆಗಳನ್ನು ನೋಡುತ್ತಿರುವಾಗ ರೋಗಿಯ ತಲೆಯನ್ನು ಅವನ ತೂಗಾಟದ ತಾಳಕ್ಕೇ ಪಕ್ಕದಿಂದ ಪಕ್ಕಕ್ಕೆ ವಾಲಿಸುವ ಕ್ರಮ ಅದು. 2014ರಲ್ಲಿ ಅವರು ಪ್ರಕಟಿಸಿದ ವರದಿಯಲ್ಲಿ 24 ರೋಗಿಗಳ ಪೈಕಿ 17 ಮಂದಿ ಪೂರ್ಣವಾಗಿ ಅಥವಾ ಬಹುಮಟ್ಟಿಗೆ ಗುಣಮುಖರಾಗಿದ್ದರು. ನನಗೆ ಅಷ್ಟು ದೂರದ ಅಗತ್ಯ ಬೀಳಲಿಲ್ಲ. ಆ ವರ್ಷದ ಕೊನೆಯ ಹೊತ್ತಿಗೆ ತೂಗಾಟ ಬಹಳಷ್ಟು ಇಳಿಯಿತು. ಇಂದಿಗೂ ನಿದ್ದೆಗೆಟ್ಟ ದಿನ, ಬಹಳ ದಣಿದ ದಿನ ನೆಲ ತುಸು ಅಲುಗುತ್ತದೆ. ಇನ್ನೊಮ್ಮೆ ಹಡಗು ಹತ್ತಿದರೆ ಮರಳಿ ಬರಬಹುದಂತೆ. ಹತ್ತುವ ಆಸೆಯೂ ಇಲ್ಲ.

ಹೈದರಾಬಾದಿನಿಂದ ಮರಳುವಾಗ ಯಜಮಾನರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಾನು ಹಾಗೆ ಕೇಳಬಾರದಿತ್ತು" ಎಂದರು. ನನ್ನ ಮನಸ್ಸು ಬೇರೆಲ್ಲೋ ಇತ್ತು. ವೈದ್ಯರು ಆ ಪ್ರಶ್ನೆ ಕೇಳಿದ ಕ್ಷಣದಿಂದ ನನ್ನ ಕಣ್ಣ ಮುಂದೆ ಇದ್ದದ್ದು ಎತ್ತಿನ ಬಂಡಿಯಲ್ಲಿ ನೆಮ್ಮದಿಯಿಂದ ಕುಳಿತ ದಾದಿ. ಆರು ತಿಂಗಳು ಅದೇ ಬೇನೆ ಅನುಭವಿಸಿದರೂ ನನಗೆ ಅವರ ನೆನಪಾಗಿರಲಿಲ್ಲ. ಅವರದು ಸೋಗು ಎಂಬ ಮಾತು ಅಷ್ಟು ಆಳಕ್ಕೆ ನನ್ನಲ್ಲಿ ಇಳಿದುಬಿಟ್ಟಿತ್ತು.

ನನಗೆ ಶಿಕ್ಷೆ ಎಂದು ಹೇಳಿದವರಿಗೆ ನಾನು ಕೊಡಬಹುದಾದ ಉತ್ತರವೂ ದಾದಿಯೇ. ಅವರು ಅಲ್ಲಾಹನ ಮನೆಯನ್ನು ಕಂಡು ಮರಳಿದವರು. ನಾನು ಮೋಜಿನ ಹಡಗಿನಿಂದ ಮರಳಿದವಳು. ಇಬ್ಬರಿಗೂ ಒಂದೇ ಬೇನೆ. ಒಬ್ಬರಿಗೆ ಬಂದ ರೋಗವನ್ನು ನೋಡಿ ಅವರ ಪಾಪಪುಣ್ಯ ಅಳೆಯುವ ಅಧಿಕಾರವನ್ನು ನಮಗೆ ಯಾರೂ ಕೊಟ್ಟಿಲ್ಲ.

ಹೋದ ವರ್ಷ ಆಳಂದಕ್ಕೆ ಹೋದಾಗ ಬಡೀ ಅಮ್ಮಿಯ ಪಕ್ಕ ಕುಳಿತು ಎಲ್ಲವನ್ನೂ ಹೇಳಿದೆ. ಅವರಿಗೀಗ ಎಂಬತ್ತು ದಾಟಿದೆ, ಕಣ್ಣು ಮಂಜಾಗಿದೆ. ಬಹಳ ಹೊತ್ತು ಸುಮ್ಮನಿದ್ದು, "ಹಂಗಾದ್ರ ಅವರು ಖರೇನೇ ಹೇಳಿದ್ರಲ್ಲ" ಎಂದರು. ಮತ್ತೆ ಸ್ವಲ್ಪ ಹೊತ್ತಿನ ಮೇಲೆ ಹೇಳಿದರು: "ರಾತ್ರಿ ಎಲ್ಲಾರೂ ಮಲಗಿದ ಮ್ಯಾಲೆ ಅವರು ಗೋಡೆಗೆ ಬೆನ್ನು ಕೊಟ್ಟು ಕೂಡ್ತಿದ್ರು. ಯಾಕ ಅಂತ ನಾ ಒಂದಿನಾನೂ ಕೇಳ್ಲಿಲ್ಲ." ಇಬ್ಬರೂ ಕೂಡಿ ದಾದಿಗಾಗಿ ದುಆ ಮಾಡಿದೆವು.

ಸಹೋದರಿಯರೇ, ಈ ಬೇನೆ ಎಲ್ಲರಿಗೂ ಬರುವಂಥದ್ದಲ್ಲ. ಹಡಗು ಬಿಟ್ಟು ವಿಮಾನ, ರೈಲಿನ ದೂರದ ಪ್ರಯಾಣದ ನಂತರವೂ ಅಪರೂಪಕ್ಕೆ ಬರುತ್ತದಂತೆ. ತೂಗಾಟದೊಂದಿಗೆ ಮಾತು ತೊದಲಿದರೆ, ಕೈಕಾಲು ಸೋತರೆ, ಒಂದರಲ್ಲಿ ಎರಡು ಕಂಡರೆ ಅದು ಬೇರೆ ಕಾಯಿಲೆ. ಆಗ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಆದರೆ ನಿಮ್ಮ ಮನೆಯ ಅತ್ತೆಯೋ ಅಮ್ಮನೋ ಸೊಸೆಯೋ ಪ್ರಯಾಣ ಮುಗಿಸಿ ಬಂದು ನೆಲ ತೂಗುತ್ತದೆ ಎಂದರೆ ನಗಬೇಡಿ. ಕುಳಿತು ಕೇಳಿ. ಎಂದಿನಿಂದ, ಯಾವಾಗ ಹೆಚ್ಚು, ಯಾವಾಗ ಕಡಿಮೆ ಎಂದು ಕೇಳಿ. ಅವರು ಹೇಳಿದ್ದನ್ನು ಹಾಗೆಯೇ ವೈದ್ಯರ ಮುಂದೆ ಹೇಳಿ. ಒಬ್ಬ ವೈದ್ಯರಿಗೆ ತಿಳಿಯದಿದ್ದರೆ ಇನ್ನೊಬ್ಬರ ಬಳಿ ಕರೆದೊಯ್ಯಿರಿ. ನನ್ನ ತಂಗಿ ಮಾಡಿದ್ದು ಅಷ್ಟೇ.

ಈಗ ನನ್ನ ತರಗತಿಯಲ್ಲಿ ಯಾವ ಮಗುವಾದರೂ ಹೊಟ್ಟೆನೋವು ಎಂದು ಕೈ ಎತ್ತಿದರೆ ನಾನು ಮೊದಲು ಅದರ ಮುಖ ನೋಡುತ್ತೇನೆ. ಹತ್ತರಲ್ಲಿ ಐದು ಮಕ್ಕಳದು ನೆಪವೇ ಇರಬಹುದು. ಆದರೂ ಕೇಳುತ್ತೇನೆ. ದಾದಿಯನ್ನು ಕೇಳುವ ಅವಕಾಶ ನನ್ನ ಕೈ ತಪ್ಪಿಹೋಗಿದೆ.